ಶೀಳ್ ರಸ್ತೆಯಲ್ಲಿ ಹಳೇ ಕಾರಿನ ಪರೀಕ್ಷೆ

ಕಾರು ಗ್ಯಾರೇಜಿಗೆ ಬಂದಾಗ ಅದರ ಮುಂದಿನ ಕಮಾನು ಪಟ್ಟಿಗಳು ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಒಂದೊಂದು ಕಟ್ಟಿನಲ್ಲಿ ಒಂಬತ್ತು ಪಟ್ಟಿ. ಸುತ್ತಿಗೆಯಿಂದ ಬಡಿದರೆ ಒಂಬತ್ತೂ ಸೇರಿ ಒಂದೇ ಕಬ್ಬಿಣದ ತುಂಡಿನ ಹಾಗೆ ಸದ್ದು ಮಾಡುತ್ತಿದ್ದವು. ಆ ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ಜಾರಿದರೆ ಮಾತ್ರ ಅದು ಸ್ಪ್ರಿಂಗು. ಇಲ್ಲದಿದ್ದರೆ ರಸ್ತೆಯ ಪ್ರತಿಯೊಂದು ಗುಂಡಿಯೂ ನೇರವಾಗಿ ಚಾಸಿಗೆ, ಅಲ್ಲಿಂದ ಕೂತವರ ಬೆನ್ನಿಗೆ.

ಎಂಬತ್ತು ವರ್ಷದ ಹಿಂದಿನ ಗಾಡಿ ಅದು. ಬಟ್ಟೆಯ ಹುಡ್, ಮರದ ಚೌಕಟ್ಟಿನ ಬಾಡಿ, ಮುಂದಿನ ಎರಡು ಚಕ್ರಗಳನ್ನು ಸೇರಿಸುವ ಒಂದೇ ಉದ್ದನೆಯ ಉಕ್ಕಿನ ಆಕ್ಸಲ್. ಕಾರಿನ ಯಜಮಾನರು ಮುಂಬೈ ಪಕ್ಕದ ಠಾಣೆ ಊರಿನ ಹಳೆಯ ಮರಾಠಿ ಮನೆತನದವರು. ಅವರ ತಂದೆ ಓಡಿಸುತ್ತಿದ್ದ ಕಾರು. ಜುಲೈಯಲ್ಲಿ ತಂದೆ ಹುಟ್ಟಿ ನೂರು ವರ್ಷವಾಗುವ ದಿನ, ಹೆಂಡತಿ ಮತ್ತು ಮೊಮ್ಮಕ್ಕಳನ್ನು ಕೂರಿಸಿಕೊಂಡು ಇದೇ ಕಾರಿನಲ್ಲಿ ಕಸಾರಾ ಘಾಟಿ ಹತ್ತಿ ನಾಸಿಕದ ಆಚೆಗಿನ ತಮ್ಮ ಊರಿಗೆ ಹೋಗಬೇಕು ಎಂಬುದು ಅವರ ಆಸೆ. ಎಂಜಿನ್ನು, ಬಾಡಿ, ಬಣ್ಣ ಎಲ್ಲ ಗ್ಯಾರೇಜಿನವರ ಕೆಲಸ. ನನ್ನ ಕೆಲಸ ಒಂದೇ. ಕೆಟ್ಟ ರಸ್ತೆಯಲ್ಲಿ ಓಡಿಸಿ ನೋಡಿ, ಈ ಗಾಡಿ ಅಷ್ಟು ದೂರ ಅಷ್ಟು ಜನರನ್ನು ಹೊತ್ತು ಹೋಗಬಹುದು ಎಂದು ಬರೆದು ಸಹಿ ಹಾಕುವುದು.

ಗ್ಯಾರೇಜ್ ಇದ್ದದ್ದು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ. ಮಾಲೀಕರು ಕಾಪು ಕಡೆಯವರು, ಮನೆಯಲ್ಲಿ ತುಳು. ನಾನು ಕುಂದಾಪುರದವನು, ನನಗೆ ತುಳು ಬರುವುದಿಲ್ಲ, ಹಾಗಾಗಿ ನಮ್ಮಿಬ್ಬರದು ಕನ್ನಡ. ಠಾಣೆಯ ಲಾರಿ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗ ಮುಚ್ಚಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಇದು. ಡ್ರೈವರ್ ಬೇಕು ಎಂದಾಗ ನಾನು ಹಳೆಯ ಕಾರ್ಖಾನೆಯಲ್ಲಿ ನನ್ನ ಜೊತೆ ಹತ್ತು ವರ್ಷ ಟೆಸ್ಟ್ ಲಾರಿ ಓಡಿಸಿದವರ ಹೆಸರು ಹೇಳಿದೆ. ವಿಜಯಪುರ ಜಿಲ್ಲೆಯವರು, ನನಗಿಂತ ಎರಡು ವರ್ಷ ದೊಡ್ಡವರು, ಠಾಣೆ ಪಕ್ಕದ ಕಳವಾ ಎಂಬಲ್ಲಿ ಒಂದೇ ಕೋಣೆಯ ಮನೆ. ಪವರ್ ಸ್ಟೇರಿಂಗ್ ಇಲ್ಲದ ಲಾರಿಗಳಲ್ಲೇ ಕೈ ಪಳಗಿದವರು. ಅವರನ್ನು ಕರೆತಂದವನು ನಾನೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊಸ ಪಟ್ಟಿಗಳನ್ನು ವಿಠ್ಠಲವಾಡಿಯ ಒಬ್ಬ ಕಮಾನು ಮಾಡುವವನಿಂದ ಮಾಡಿಸಿದೆವು. ಹಳೆಯದರ ಬಾಗನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಒಂದೊಂದನ್ನೂ ಅದರ ಮೇಲಿಟ್ಟು ನೋಡಿ, ಎರಡು ಸಲ ವಾಪಸು ಕಳಿಸಿ, ಮೂರನೇ ಸಲಕ್ಕೆ ಸರಿಬಂತು. ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿ ಕಟ್ಟಿದೆವು.

ಇನ್ನು ಕುಣಿತವನ್ನು ತಡೆಯುವ ಭಾಗ. ಈಗಿನ ಕಾರುಗಳಲ್ಲಿ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಇರುತ್ತದೆ. ಆ ಕಾಲದ್ದರಲ್ಲಿ ಇದ್ದದ್ದು ಕತ್ತರಿಯಂಥ ಎರಡು ಉಕ್ಕಿನ ತೋಳು, ಅವು ಸೇರುವಲ್ಲಿ ಮರದ ಬಿಲ್ಲೆಗಳು, ನಟ್ಟ ನಡುವೆ ಒಂದು ನಟ್ಟು. ಚಕ್ರ ಮೇಲೆ ಕೆಳಗೆ ಆದಾಗ ಬಿಲ್ಲೆಗಳು ತಿಕ್ಕಿಕೊಂಡು ಆ ಕುಣಿತವನ್ನು ನುಂಗುತ್ತವೆ. ನಟ್ಟನ್ನು ಎಷ್ಟು ಬಿಗಿ ಮಾಡಬೇಕು ಎಂಬುದರಲ್ಲೇ ಎಲ್ಲ ಇದೆ. ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯುತ್ತಿದ್ದೆ. ಎಷ್ಟು ಕಿಲೋ ಎಳೆದಾಗ ತೋಳು ಜಾರುತ್ತದೋ ಅದೇ ಅಳತೆ. ನಾಲ್ಕು ಚಕ್ರಕ್ಕೂ ಹದಿನೈದು ಕಿಲೋಗೆ ಇಟ್ಟೆ.

ರಸ್ತೆಯ ಮೇಲೆ ಆಗುವುದನ್ನು ಕಾಗದಕ್ಕೆ ಇಳಿಸಲು ಒಂದು ಸಾಧನ ಮಾಡಿಕೊಂಡೆ. ಎಡಗಡೆಯ ಮುಂದಿನ ಚಕ್ರದ ಹತ್ತಿರ ಚಾಸಿಗೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಹಳೆಯ ವೈಪರ್ ಮೋಟರಿನಿಂದ ನಿಧಾನವಾಗಿ ಸುತ್ತುವ ಡಬ್ಬಿ, ಡಬ್ಬಿಗೆ ಸುತ್ತಿದ ಗ್ರಾಫ್ ಕಾಗದ. ಆಕ್ಸಲಿನಿಂದ ಒಂದು ಸರಳು, ಅದರ ತುದಿಯಲ್ಲಿ ಪೆನ್ಸಿಲು. ಗುಂಡಿಗೆ ಚಕ್ರ ಬಿದ್ದರೆ ಗೆರೆ ಮೇಲೆದ್ದು, ಆಮೇಲೆ ಅಲೆಯ ಹಾಗೆ ಆಡಿ ಸುಮ್ಮನಾಗುತ್ತದೆ. ಎಷ್ಟು ಅಲೆ ಎಂದು ಎಣಿಸುವುದು. ಎರಡು ಅಲೆಗೆ ನಿಂತರೆ ಒಳ್ಳೆಯದು.

ಮೇ ತಿಂಗಳಲ್ಲಿ ಓಟ ಶುರುವಾಯಿತು. ಬೆಳಗ್ಗೆ ಐದೂವರೆಗೆ ಹೊರಟು ಕಲ್ಯಾಣ್–ಶೀಳ್ ರಸ್ತೆ ಹಿಡಿದು, ಶೀಳ್ ಫಾಟಾ ಎಂಬ ಕೂಡುರಸ್ತೆ ದಾಟಿ ಮಹಾಪೆ ಕಡೆಗೆ ಹೋಗಿ, ಕಲ್ಲಿನ ಕ್ವಾರಿಗಳ ರಸ್ತೆಯಲ್ಲಿ ಇಳಿದು ಏಳೂವರೆಗೆ ವಾಪಸು. ಅಷ್ಟು ಹೊತ್ತಿಗೆ ಡಂಪರುಗಳು ತುಂಬಿಕೊಳ್ಳುತ್ತಿದ್ದವು. ಹಿಂದಿನ ಸೀಟಿನಲ್ಲಿ ಜನರ ಬದಲು ಮರಳಿನ ಚೀಲ. ಪಕ್ಕದಲ್ಲಿ ನಾನು, ತೊಡೆಯ ಮೇಲೆ ನೋಟ್‌ಬುಕ್.

ಮೊದಲ ವಾರ ಬಿಲ್ಲೆ ತೀರಾ ಬಿಗಿ. ಸಣ್ಣ ಕಲ್ಲಿಗೂ ಗಾಡಿ ಇಡಿಯಾಗಿ ಎಗರುತ್ತಿತ್ತು. ಡ್ರೈವರ್ ಹೇಳಿದರು, "ಸರ, ಇದು ಮೋಟಾರ ಅಲ್ರಿ, ಎತ್ತಿನ ಬಂಡಿ ಆಗೈತಿ." ಹನ್ನೆರಡು ಕಿಲೋಗೆ ಇಳಿಸಿದೆ. ಆಮೇಲೆ ಕ್ವಾರಿ ರಸ್ತೆಯಲ್ಲಿ ಪಟ್ಟಿಗಳನ್ನು ಹಿಡಿದಿಡುವ ನಡುವಿನ ಬೋಲ್ಟು ತುಂಡಾಗಿ ಆಕ್ಸಲ್ ಒಂದು ಬೆರಳಗಲ ಹಿಂದಕ್ಕೆ ಸರಿಯಿತು. ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದೆವು. ಬೋಲ್ಟಿಗೆ, ಅದರ ಜೊತೆ ಬಿರುಕು ಬಿಟ್ಟಿದ್ದ ಒಂದು ಬ್ರಾಕೆಟ್ಟಿಗೆ ಎರಡು ವಾರ ಹೋಯಿತು. ಮತ್ತೆ ರಸ್ತೆಗಿಳಿದಾಗ ಜೂನ್ ಬಂದಿತ್ತು. ಒಣ ರಸ್ತೆಯಲ್ಲಿ ಎಲ್ಲ ಸರಿ ಇತ್ತು. ಗೆರೆ ಎರಡೇ ಅಲೆಗೆ ನಿಲ್ಲುತ್ತಿತ್ತು. ನನಗೆ ಸಮಾಧಾನವಾಗಿತ್ತು.

ನಾಲ್ಕು ದಿನ ಬಿಟ್ಟು ಮಳೆ ಹಿಡಿಯಿತು.

ಮಳೆಯ ಮೊದಲ ಓಟದ ಕಾಗದವನ್ನು ಗ್ಯಾರೇಜಿನ ಟೇಬಲ್ಲಿನ ಮೇಲೆ ಬಿಡಿಸಿದಾಗ ಪ್ರತಿ ಗುಂಡಿಯ ನಂತರ ಆರು, ಏಳು ಅಲೆಗಳಿದ್ದವು. ಬಿಲ್ಲೆಗಳು ಒದ್ದೆಯಾಗಿ ಹಿಡಿತ ಕಳೆದುಕೊಂಡಿವೆ ಎಂದು ಅರ್ಥವಾಯಿತು. ಚರ್ಮದ ಹೊದಿಕೆ ಹೊಲಿಸಿ ಹಾಕಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಇನ್ನೊಂದೂ ಕಂಡಿತು. ಕೆಲವು ಕಡೆ ಗೆರೆ ದಪ್ಪಗಾಗಿತ್ತು, ಎರಡು ಸಲ ಎಳೆದ ಹಾಗೆ. ಪೆನ್ಸಿಲು ಸಡಿಲವಾಗಿ ಅಡ್ಡಕ್ಕೆ ಆಡುತ್ತಿದೆ ಎಂದುಕೊಂಡು ಅದರ ಸ್ಕ್ರೂ ಬಿಗಿ ಮಾಡಿದೆ. ಆಕ್ಸಲೇ ಅಡ್ಡಡ್ಡ ಅಲುಗುತ್ತಿರಬಹುದು ಎಂದು ಹೊಳೆಯಲಿಲ್ಲ. ಹಲಗೆ ಒಂದೇ ಬದಿಗಿತ್ತು. ಬಲಗಡೆಯ ಚಕ್ರ ಏನು ಮಾಡುತ್ತಿದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಹೇಳುವವರು ಒಬ್ಬರಿದ್ದರು. ಅಂದು ಇಳಿಯುವಾಗ ನಾನು ಡ್ರೈವರನ್ನು ಕೇಳಿದೆ, "ಕೈಗೆ ಹೇಗನ್ನಿಸಿತು?"

"ಮೂವತ್ತು ಮೈಲಿ ಸ್ಪೀಡ್ ದಾಟಿದ ಮ್ಯಾಲ ಸ್ಟೇರಿಂಗ್ ಸ್ವಲ್ಪ ನಡಗತೈತ್ರಿ."

"ಎಷ್ಟು?"

"ಅಷ್ಟೇನಿಲ್ರಿ. ಹಳೇ ಗಾಡಿ ಅಲ್ರಿ."

ಅದನ್ನೂ ಬರೆದುಕೊಂಡೆ.

ಚರ್ಮದ ಹೊದಿಕೆಗೆ ಮೂರು ದಿನ ಬೇಕು ಎಂದರು ಹೊಲಿಯುವವರು. ಗ್ಯಾರೇಜ್ ಮಾಲೀಕರು ಬಂದು ನನ್ನ ಟೇಬಲ್ಲಿನ ಹತ್ತಿರ ನಿಂತರು. "ಕಾರಿನ ಯಜಮಾನರು ದಿನಾ ಫೋನ್ ಮಾಡ್ತಾರೆ ಮಾರಾಯ್ರೆ. ಹೈವೇ ಸ್ಪೀಡಿಂದು ಒಂದು ರೀಡಿಂಗ್ ಬಾಕಿ ಉಂಟಲ್ಲ, ಅದನ್ನು ಮಾಡಿ ಬಿಡಿ. ಹೊದಿಕೆ ಆಮೇಲೆ ಹಾಕುವ." ಅವರು ಜೋರು ಮಾಡಲಿಲ್ಲ. ಬೇಡ ಎಂದಿದ್ದರೆ ಒಪ್ಪುತ್ತಿದ್ದರೋ ಏನೋ. ನಾನು ಬೇಡ ಎನ್ನಲಿಲ್ಲ. ನನಗೂ ಆ ರೀಡಿಂಗ್ ಬೇಕಾಗಿತ್ತು. ವರದಿಯಲ್ಲಿ ಅದೊಂದು ಕಾಲಂ ಖಾಲಿ ಇತ್ತು. ಸ್ಪ್ರಿಂಗ್ ತಕ್ಕಡಿ ಪೆಟ್ಟಿಗೆಯಲ್ಲೇ ಇತ್ತು. ಹೊರಡುವ ಮುಂಚೆ ಅದನ್ನು ತೆಗೆದು ಒದ್ದೆ ಬಿಲ್ಲೆ ಎಷ್ಟು ಕಿಲೋಗೆ ಜಾರುತ್ತದೆ ಎಂದು ನೋಡಲು ಐದು ನಿಮಿಷ ಸಾಕಿತ್ತು. ನೋಡಲಿಲ್ಲ.

ಮಾರನೆಯ ಬೆಳಗ್ಗೆ ಮಳೆ ನಿಂತಿತ್ತು, ರಸ್ತೆಯಲ್ಲಿ ನೀರಿತ್ತು. ಶೀಳ್ ಫಾಟಾ ದಾಟಿ ಮಹಾಪೆ ರಸ್ತೆಯಲ್ಲಿ ನಾನು "ಮೂವತ್ತೈದು" ಎಂದೆ. ಡ್ರೈವರ್ ಮೀಟರು ನೋಡಿ ಮೂವತ್ತೈದಕ್ಕೆ ತಂದರು. ಮುಂದೆ ಪೈಪು ಹಾಕಲು ಅಗೆದು ಮುಚ್ಚಿದ ಜಾಗ ರಸ್ತೆಗೆ ಓರೆಯಾಗಿ ಕುಸಿದಿತ್ತು. ಎಡ ಚಕ್ರ ಮೊದಲು ಬಿತ್ತು, ಆಮೇಲೆ ಬಲ ಚಕ್ರ.

ಮುಂದಿನ ಆಕ್ಸಲ್ ತಕ್ಕಡಿಯ ಕೋಲಿನ ಹಾಗೆ ಆಡಲು ಶುರುಮಾಡಿತು. ಒಂದು ಚಕ್ರ ಎದ್ದರೆ ಇನ್ನೊಂದು ಬೀಳುತ್ತಿತ್ತು, ಎದ್ದ ಚಕ್ರ ಅಡ್ಡಕ್ಕೆ ತಿರುಗುತ್ತಿತ್ತು, ಅದರ ಜೊತೆ ಸ್ಟೇರಿಂಗು ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳುತ್ತಿತ್ತು. ಕಾರಿನ ಮುಂದಿನ ಲೈಟುಗಳು ಎರಡೆರಡಾಗಿ ಕಂಡವು. ನನ್ನ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ಬ್ರೇಕ್ ಹಾಕಬೇಡಿ ಎಂದು ಹೇಳಬೇಕು ಅಂದುಕೊಂಡದ್ದು ನೆನಪಿದೆ. ಹೇಳಿದೆನೋ ಇಲ್ಲವೋ ಗೊತ್ತಿಲ್ಲ. ಎಡಗಡೆ ರಸ್ತೆಯ ಅಂಚಿನಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಾ ಹೆಂಗಸರ ಗುಂಪೊಂದು ಊಟದ ಚೀಲ ಹಿಡಿದು ನಿಂತಿತ್ತು. ಕಾರು ಅವರ ಕಡೆಗೇ ಎಳೆಯುತ್ತಿತ್ತು.

ಡ್ರೈವರ್ ಸ್ಟೇರಿಂಗ್ ಬಿಡಲಿಲ್ಲ. ಬಿಟ್ಟಿದ್ದರೆ ಕೈ ಉಳಿಯುತ್ತಿತ್ತು. ಮೈಯನ್ನೆಲ್ಲ ಅದರ ಮೇಲೆ ಹಾಕಿ ಬಲಕ್ಕೆ ಎಳೆದರು. ಆಗ ಒಂದು ಸದ್ದು ಕೇಳಿಸಿತು. ಗಾಡಿಯದ್ದು ಎಂದುಕೊಂಡೆ. ಕಾರು ರಸ್ತೆ ದಾಟಿ ಆಚೆ ಬದಿಯ ಕೆಸರಿಗಿಳಿದು ಜಲ್ಲಿಯ ರಾಶಿಗೆ ತಾಗಿ ನಿಂತಿತು. ಎದುರಿನಿಂದ ಯಾವ ಗಾಡಿಯೂ ಬರಲಿಲ್ಲ ಎಂಬುದು ನಮ್ಮ ಅದೃಷ್ಟ.

ಅವರು ಎಡಗೈಯಿಂದ ಕೀ ತಿರುಗಿಸಿ ಎಂಜಿನ್ ಆರಿಸಿದರು. "ಗಾಡಿಗೆ ಏನೂ ಆಗಿಲ್ರಿ" ಎಂದರು. ಬಲಗೈ ತೊಡೆಯ ಮೇಲಿತ್ತು. ಸ್ಟೇರಿಂಗಿನ ಕಡ್ಡಿ ಹೆಬ್ಬೆರಳಿಗೆ ಸಿಕ್ಕಿ ಅದನ್ನು ಹಿಂದಕ್ಕೆ ಮಡಚಿಬಿಟ್ಟಿತ್ತು. ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ. ಆ ಹೆಂಗಸರಲ್ಲಿ ಒಬ್ಬರು ತಮ್ಮ ಓಢಣಿ ಕೊಟ್ಟರು. ಅದರಲ್ಲೇ ಕೈ ಕಟ್ಟಿ, ಒಂದು ಟೆಂಪೋ ನಿಲ್ಲಿಸಿ ಡೊಂಬಿವಲಿಯ ನರ್ಸಿಂಗ್ ಹೋಮಿಗೆ ಕರೆತಂದೆ. 

ಸಂಜೆ ಗ್ಯಾರೇಜಿಗೆ ಹೋಗಿ, ಎಳೆದು ತಂದಿದ್ದ ಕಾರಿನ ಕೆಳಗೆ ಮಲಗಿ ತೋಳಿಗೆ ತಕ್ಕಡಿ ಸಿಕ್ಕಿಸಿ ಎಳೆದೆ. ಐದು ಕಿಲೋಗೆ ಜಾರಿತು. ಇನ್ನೊಂದು ಬದಿ ಐದೂ ಇಲ್ಲ.

ಡಾಕ್ಟರು ಮೂಳೆಗೆ ಸರಳು ಹಾಕಿದರು. ಹೆಬ್ಬೆರಳಿನ ನರಕ್ಕೆ ಇನ್ನೊಂದು ಆಪರೇಷನ್ ಬೇಕು, ಆರು ವಾರ ಬಿಟ್ಟು ಎಂದರು. ಖರ್ಚು ಗ್ಯಾರೇಜಿನದು ಎಂದು ಮಾಲೀಕರು ತಾವಾಗಿಯೇ ಹೇಳಿದರು. ಅವರು ಕೆಟ್ಟವರಲ್ಲ. ಮೂರನೆಯ ದಿನ ನನ್ನನ್ನು ಕರೆದರು.

"ವರದಿ ಹೇಗೆ ಬರೀತೀರಿ?"

"ಆದದ್ದನ್ನು ಬರೀತೇನೆ."

"ಬರೀರಿ, ಬೇಡ ಅಂತ ಯಾರು ಹೇಳಿದ್ದು? ಒದ್ದೆ ರಸ್ತೆ, ಡ್ರೈವರ್ ಸ್ಪೀಡ್ ಕಂಟ್ರೋಲ್ ಮಾಡಲಿಲ್ಲ, ಅಷ್ಟು ಸಾಕಲ್ಲ. ಅವನ ಕೈ ನಾವು ನೋಡಿಕೊಳ್ತೇವೆ. ಕಾರಿನದ್ದೇ ತಪ್ಪು ಅಂತ ಆದರೆ ಯಜಮಾನರು ಎಂತ ಹೇಳಿಯಾರು? ನಾಳೆ ಬೇರೆ ಯಾರು ಗಾಡಿ ಕೊಡ್ತಾರೆ ನಮಗೆ?"

ನಾನು ಎರಡು ರಾತ್ರಿ ಕೂತು, ನನ್ನನ್ನು ಪರೀಕ್ಷಕ ಎಂದು ಕರೆದುಕೊಂಡು ವರದಿ ಬರೆದೆ. ಬಿಲ್ಲೆಗಳ ಹಿಡಿತ ಒದ್ದೆಯಲ್ಲಿ ಅರ್ಧದಷ್ಟೂ ಉಳಿಯಲಿಲ್ಲ. ಹಿಂದಿನ ದಿನದ ಕಾಗದದಲ್ಲಿ ಅದು ಕಾಣುತ್ತಿತ್ತು. ಗೆರೆ ದಪ್ಪಗಾದದ್ದನ್ನು ಪರೀಕ್ಷಕ ತಪ್ಪಾಗಿ ಓದಿದ. ಹೊದಿಕೆ ಹಾಕುವ ಮುಂಚೆ ಓಡಿಸುವ ನಿರ್ಧಾರ ಪರೀಕ್ಷಕನದು. ವೇಗ ಹೇಳಿದವನೂ ಅವನೇ. ಈ ಕಾರು ಮಳೆಯಲ್ಲಿ ಗಂಟೆಗೆ ಇಪ್ಪತ್ತು ಮೈಲಿಗಿಂತ ಹೆಚ್ಚು ವೇಗದಲ್ಲಿ ಓಡಬಾರದು, ಘಾಟಿ ಹತ್ತಬಾರದು. ಸಹಿ ಹಾಕಿದೆ. ಮಾಲೀಕರು ಓದಿ ಡ್ರಾವರಿಗೆ ಹಾಕಿದರು. ಒಂದು ಪ್ರತಿಯನ್ನು ಯಜಮಾನರ ಆಫೀಸಿಗೆ ನಾನೇ ಒಯ್ದು ಕೊಟ್ಟೆ. ಜುಲೈಯ ಪ್ರಯಾಣ ನಿಂತಿತು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ.

ಮುಂದಿನ ಭಾನುವಾರ ಕಳವಾಕ್ಕೆ ಹೋದೆ. ಡ್ರೈವರ್ ಗೋಡೆಗೆ ಒರಗಿ ಕೂತಿದ್ದರು, ಕೈ ಪ್ಲಾಸ್ಟರಿನಲ್ಲಿ. ಅವರ ಹೆಂಡತಿ ಚಹಾ ಕೊಟ್ಟು ಹೊರಗೆ ನೀರಿನ ಸಾಲಿಗೆ ಹೋದರು. ಡ್ರೈವರ್ ಆ ಇಂಗ್ಲಿಷ್ ವರದಿಯನ್ನು ಕನ್ನಡದಲ್ಲಿ ಓದಿ ಹೇಳಿ ಎಂದರು. ಒಂದೊಂದೇ ಸಾಲು ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

"ಎಲ್ಲಾ ನಿಮ್ಮ ಮ್ಯಾಲ ಹಾಕ್ಕೊಂಡೀರಿ."

"ನನ್ನದೇ ಇತ್ತಲ್ಲ."

"ಅರ್ಧ ನಂದೈತ್ರಿ." ಕಣ್ಣು ಬಿಟ್ಟರು. "ಹಿಂದಿನ ದಿನ ನೀವು ಕಾಗದ ಬದಲಿ ಮಾಡಾಕ ಇಳಿದಿದ್ರಿ ನೋಡ್ರಿ, ನಾ ಒಬ್ಬನ ಮುಂದ ಹೋಗಿ ಗಾಡಿ ಹೊಳ್ಳಿಸಿಕೊಂಡು ಬಂದೆ. ಆವಾಗ ಹಿಂಗ ಆಗಿತ್ತು. ಸ್ಟೇರಿಂಗ್ ಕೈಯಾಗಿಂದ ಕಿತ್ತಕೊಂಡು ಹೋತು. ಆಕ್ಸಿಲೇಟರ್ ಬಿಟ್ಟೆ, ನಡಗೂದು ನಿಂತ್ತು. ನಿಮಗ ಸ್ವಲ್ಪ ನಡಗತೈತಿ ಅಂದೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರ ನೀವು ಗಾಡಿ ನಿಲ್ಲಸತಿದ್ರಿ. ಗಾಡಿ ನಿಂತ್ರ ನನ್ನ ಕೆಲಸಾನೂ ನಿಲ್ಲತಿತ್ತು. ಹೊಸಾ ಗಾಡಿಗೆ ಈ ವಯಸ್ಸಿನಾಂವನ್ನ ಯಾರು ಕರೀತಾರ್ರಿ?"

ನನಗೆ ಸಿಟ್ಟು ಬಂದಿತು. ಆ ಸಿಟ್ಟಿಗೆ ನಾಚಿಕೆಯೂ ಆಯಿತು. ನಾನೂ ಕೆಲಸ ಉಳಿಯಲಿ ಎಂದೇ ತಕ್ಕಡಿ ತೆಗೆದಿರಲಿಲ್ಲ.

"ಇದನ್ನ ಬರೀರಿ" ಎಂದರು.

"ಬೇಡ. ಗ್ಯಾರೇಜಿನವರಿಗೆ ಇಷ್ಟೇ ಬೇಕಾಗಿದೆ. ಎಲ್ಲ ನಿಮ್ಮ ತಲೆಗೆ ಕಟ್ತಾರೆ."

"ಕಟ್ಟಲಿ. ನಾಳೆ ಆ ಗಾಡಿ ಇನ್ನೊಬ್ಬ ಓಡಸ್ತಾನ. ಅವಂಗೆ ಇದು ಬರೂ ಮುಂಚೆ ಕೈಗೆ ಹೆಂಗ ಗೊತ್ತಾಗತೈತಿ ಅನ್ನೂದು ನಿಮ್ಮ ಕಾಗದದಾಗ ಇಲ್ಲ. ಅದು ನನಗಷ್ಟ ಗೊತ್ತೈತಿ. ನಾ ಸುಳ್ಳು ಹೇಳೀನಿ ಅನ್ನೂದು ಬಿಟ್ಟು ಅದನ್ನಷ್ಟ ಬರಿಯಾಕ ಬರಂಗಿಲ್ಲ. ಯಾವಾಗ ಗೊತ್ತಾತು ಅಂತ ಕೇಳ್ತಾರ."

ಅವರು ಹೇಳಿದರು, ನಾನು ಬರೆದೆ. ಮೊದಲು ಬೆರಳ ತುದಿಗೆ ಜುಮ್ಮೆನ್ನುತ್ತದೆ, ಎಂಜಿನ್ನಿನ ನಡುಕಕ್ಕಿಂತ ಬೇರೆ. ಆಮೇಲೆ ಸ್ಟೇರಿಂಗ್ ಮೂರು ಸಲ ಎಳೆಯುತ್ತದೆ, ಒಂದಕ್ಕಿಂತ ಒಂದು ಜೋರು. ಆ ಮೂರರ ಒಳಗೆ ಆಕ್ಸಿಲೇಟರ್ ಬಿಟ್ಟರೆ ನಿಲ್ಲುತ್ತದೆ. ಬ್ರೇಕ್ ಒತ್ತಿದರೆ ಹೆಚ್ಚುತ್ತದೆ. ನಾಲ್ಕನೆಯದಕ್ಕೆ ಕೈ ಉಳಿಯುವುದಿಲ್ಲ. ಕೊನೆಯ ಸಾಲು ಅವರ ಮಾತಿನಲ್ಲೇ: ನನಗೆ ಇದು ಹಿಂದಿನ ದಿನವೇ ಗೊತ್ತಿತ್ತು, ಹೇಳಲಿಲ್ಲ. ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿದರು.

ಆ ಹಾಳೆ ಹತ್ತು ದಿನ ನನ್ನ ಚೀಲದಲ್ಲೇ ಇತ್ತು. ಎರಡನೇ ಆಪರೇಷನ್ ಆಗಲಿ, ಆಮೇಲೆ ಕೊಡೋಣ ಎಂದುಕೊಂಡೆ. ಅಷ್ಟರಲ್ಲಿ ಗ್ಯಾರೇಜಿಗೆ ಹೊಸ ಡ್ರೈವರ್ ಬಂದರು. ಹೊದಿಕೆ ಹಾಕಿ ಮತ್ತೆ ಪರೀಕ್ಷೆ ಮಾಡಿಸುತ್ತೇವೆ, ನಿಮ್ಮ ಅಗತ್ಯವಿಲ್ಲ ಎಂದು ಮಾಲೀಕರು ಫೋನಿನಲ್ಲಿ ಹೇಳಿದರು. ಅಂದು ಮಧ್ಯಾಹ್ನವೇ ಹೋಗಿ ಹಾಳೆ ಕೊಟ್ಟೆ. ಹೊಸ ಡ್ರೈವರಿಗೆ ಎದುರಿಗೇ ಕೂತು ಹಿಂದಿಯಲ್ಲಿ ಓದಿ ಹೇಳಿದೆ.

ನಾನು ಹೆದರಿದ್ದೇ ಆಯಿತು. ಡ್ರೈವರೇ ಒಪ್ಪಿಕೊಂಡಿದ್ದಾನಲ್ಲ ಎಂದು ಮಾಲೀಕರು ಕೈ ತೊಳೆದುಕೊಂಡರು. ಎರಡನೇ ಆಪರೇಷನ್ ಆಗಲಿಲ್ಲ. ನಾನು ಅಲ್ಲಿ ಇಲ್ಲಿ ಓಡಾಡಿದೆ, ಕೆಲವರಿಗೆ ಅರ್ಜಿ ಬರೆದೆ. ಅಷ್ಟರಲ್ಲಿ ಹೊತ್ತು ಮೀರಿ ಹೆಬ್ಬೆರಳು ಹಾಗೆಯೇ ಬಿಗಿದುಕೊಂಡಿತು. ಸುದ್ದಿ ಹೇಳಲು ಕಳವಾಕ್ಕೆ ಹೋದಾಗ ಡ್ರೈವರ್ "ಬರೀರಿ ಅಂದಾಂವ ನಾನ ಅಲ್ಲೇನ್ರಿ?" ಎಂದರು. ಅವರ ಹೆಂಡತಿ ಅಂದು ಚಹಾ ಬೇಕೇ ಎಂದು ಕೇಳಲಿಲ್ಲ. ಆಮೇಲೂ ಎಂದೂ ನನ್ನ ಜೊತೆ ಮಾತಾಡಲಿಲ್ಲ. ಅವರು ತಪ್ಪು ಎಂದು ನಾನು ಹೇಳಲಾರೆ. ಆ ಹಾಳೆಯನ್ನು ಇನ್ನಷ್ಟು ದಿನ ಇಟ್ಟುಕೊಂಡು, ಹೊಸ ಡ್ರೈವರಿಗೆ ಬಾಯಿಮಾತಿನಲ್ಲಿ ಹೇಳಬಹುದಿತ್ತು ಎಂದು ಎಷ್ಟೋ ಸಲ ಅನಿಸಿದೆ. ಬಾಯಿಮಾತನ್ನು ಅವರು ಎಷ್ಟು ದಿನ ನೆನಪಿಡುತ್ತಿದ್ದರು ಎಂಬುದೂ ಗೊತ್ತಿಲ್ಲ.

ಎರಡು ವರ್ಷದ ಮೇಲೆ ಇನ್ನೊಂದು ಊರಿನ ಗ್ಯಾರೇಜಿನವರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಕೈಯಲ್ಲಿ ಅದೇ ಕಾಲದ, ಅದೇ ಥರದ ಆಕ್ಸಲಿನ ಕಾರು. ಆ ಹಾಳೆಯ ಜೆರಾಕ್ಸ್ ಹೇಗೋ ಅವರಿಗೆ ಸಿಕ್ಕಿತ್ತು. ಸಹಿ ಹಾಕಿದವರನ್ನೇ ನೋಡಬೇಕು ಎಂದರು. ಅವರ ಡ್ರೈವರ್ ನಡುವಯಸ್ಸಿನ ಮರಾಠಿ ಮನುಷ್ಯ, ಜೊತೆಗೆ ಬಂದಿದ್ದರು. ನವಿ ಮುಂಬೈಯ ಕಾಮೋಠೆಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ನಮ್ಮ ಡ್ರೈವರ್ ವಾಚ್‌ಮನ್ ಆಗಿದ್ದರು.

ಅವರು ಹಾಳೆಯನ್ನು ನೋಡಲೂ ಇಲ್ಲ. ಆ ಮರಾಠಿ ಡ್ರೈವರನ್ನು ನಾವು ಬಂದಿದ್ದ ಗಾಡಿಯಲ್ಲೇ ಸ್ಟೇರಿಂಗ್ ಮುಂದೆ ಕೂರಿಸಿ, ತಾವು ಕಿಟಕಿಯ ಹೊರಗೆ ನಿಂತು, "ಪಕಡೋ" ಎಂದರು. ಆತ ಎಲ್ಲರೂ ಹಿಡಿಯುವ ಹಾಗೆ ಹೆಬ್ಬೆರಳನ್ನು ಒಳಗೆ ಹಾಕಿ ಬಿಗಿಯಾಗಿ ಹಿಡಿದರು. ನಮ್ಮ ಡ್ರೈವರ್ ಮಡಚಲಾರದ ಬಲಗೈಯನ್ನು ಕಿಟಕಿಯಿಂದ ಒಳಗೆ ತೂರಿಸಿ, ಅದರ ಅಂಚಿನಿಂದಲೇ ಆತನ ಒಂದು ಹೆಬ್ಬೆರಳನ್ನು ಮೇಲೆತ್ತಿ ಹೊರಗಿಟ್ಟರು. ಆಮೇಲೆ ಇನ್ನೊಂದನ್ನೂ. ಬಳಿಕ ಎಡಗೈಯಿಂದ ಸ್ಟೇರಿಂಗನ್ನು ಸಣ್ಣಗೆ ಅಲುಗಿಸುತ್ತಾ ಹಿಂದಿಯಲ್ಲಿ ಎಣಿಸಿದರು, ಒಂದು, ಎರಡು, ಮೂರು. ಮೂರಕ್ಕೆ ಆ ಮನುಷ್ಯ ಆಕ್ಸಿಲೇಟರಿನಿಂದ ಕಾಲೆತ್ತಿದರು. ತಡವಾಯಿತು, ಮತ್ತೆ ಮಾಡಿ ಎಂದರು. ಐದಾರು ಸಲ ಮಾಡಿಸಿದರು. ಅಷ್ಟರಲ್ಲಿ ಹೊರಗೆ ಯಾರೋ ಹಾರ್ನ್ ಹೊಡೆದರು. ಅವರು ನಮ್ಮನ್ನು ಅಲ್ಲೇ ಬಿಟ್ಟು ಹೋಗಿ, ಭುಜ ಕೊಟ್ಟು ಗೇಟು ತಳ್ಳಿದರು.